ಪಾಸ್‌ವರ್ಡ್ ಬದಲಿಸಿದರೆ ಸಾಕೇ? ಕಂಪನಿಯ ಸಾಫ್ಟ್‌ವೇರ್‌ಗೆ ಹಿಂಬಾಗಿಲಿನಿಂದ ಬರುವ ಆ್ಯಪ್‌ಗಳ ಕತೆ

"ಖಾತೆ ಹ್ಯಾಕ್ ಆಗಿದೆ ಅನಿಸಿದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ. ಓಟಿಪಿ ಯಾರಿಗೂ ಹೇಳಬೇಡಿ. ಇಷ್ಟು ಮಾಡಿದರೆ ಯಾರೂ ನಿಮ್ಮ ಮಾಹಿತಿ ಮುಟ್ಟಲಾರರು." ಇಂಥ ಸಲಹೆ ನಿಮ್ಮ ಕುಟುಂಬದ ಗುಂಪಿಗೋ ಆಫೀಸಿನ ಗುಂಪಿಗೋ ಒಮ್ಮೆಯಾದರೂ ಬಂದಿರುತ್ತದೆ. ಮೊದಲ ಎರಡು ಮಾತು ಸರಿ. ಮೂರನೆಯದು ಸರಿಯಲ್ಲ.

2025ರ ಆಗಸ್ಟ್‌ನಲ್ಲಿ ನಡೆದದ್ದನ್ನೇ ನೋಡಿ. ಕ್ಲೌಡ್‌ಫ್ಲೇರ್, ಪಾಲೋ ಆಲ್ಟೋ ನೆಟ್‌ವರ್ಕ್ಸ್, ಝೀಸ್ಕೇಲರ್ ಮೊದಲಾದ ಕಂಪನಿಗಳ ಗ್ರಾಹಕರ ಮಾಹಿತಿ ಕಳುವಾಯಿತು. ಇವು ಬೇರೆಯವರಿಗೆ ಸೈಬರ್ ಸುರಕ್ಷತೆಯನ್ನು ಮಾರುವ ಕಂಪನಿಗಳು. ಒಟ್ಟು 700ಕ್ಕೂ ಹೆಚ್ಚು ಸಂಸ್ಥೆಗಳಿಗೆ ತೊಂದರೆ ತಟ್ಟಿರಬಹುದು ಎಂದು ಗೂಗಲ್‌ನ ತನಿಖಾ ತಂಡ ಹೇಳಿತು. ಈ ಕಳವಿಗೆ ಆ ಕಂಪನಿಗಳ ಯಾವ ಉದ್ಯೋಗಿಯ ಪಾಸ್‌ವರ್ಡೂ ಬೇಕಾಗಲಿಲ್ಲ, ಯಾರೂ ಓಟಿಪಿ ಹೇಳಲಿಲ್ಲ. ಕಳ್ಳರು ಬಂದದ್ದು ಆ ಕಂಪನಿಗಳು ತಾವಾಗಿಯೇ ಒಳಗೆ ಬಿಟ್ಟುಕೊಂಡಿದ್ದ ಒಂದು ಚಾಟ್ ಉಪಕರಣದ ಮೂಲಕ.

ಅದು ಹೇಗೆ ಸಾಧ್ಯ ಎಂದು ತಿಳಿಯಲು "ಗೂಗಲ್ ಮೂಲಕ ಲಾಗಿನ್ ಆಗಿ", "ನಿಮ್ಮ ಖಾತೆಯನ್ನು ಜೋಡಿಸಿ" ಎಂಬ ಗುಂಡಿಗಳ ಹಿಂದೆ ಏನಾಗುತ್ತದೆ ಎಂದು ನೋಡಬೇಕು.

ಬೀಗದ ಕೈ ಬೇರೆ, ಜಿಪಿಎ ಬೇರೆ

ಜಮೀನಿನ ಕೆಲಸಕ್ಕೆ ಪದೇ ಪದೇ ಊರಿಗೆ ಹೋಗಲಾಗದವರು ನಂಬಿಕಸ್ಥರೊಬ್ಬರಿಗೆ ಜಿಪಿಎ, ಅಂದರೆ ಅಧಿಕಾರ ಪತ್ರ, ಬರೆದುಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪತ್ರ ಹಿಡಿದವರು ನಿಮ್ಮ ಪರವಾಗಿ ಕಚೇರಿಗೆ ಹೋಗಬಹುದು, ಸಹಿ ಹಾಕಬಹುದು. ಈಗ ನಿಮಗೆ ಅವರ ಮೇಲೆ ಅನುಮಾನ ಬಂತು ಎಂದಿಟ್ಟುಕೊಳ್ಳಿ. ನೀವು ಮನೆಯ ಬೀಗ ಬದಲಿಸಿದಿರಿ. ಅದರಿಂದ ಜಿಪಿಎ ರದ್ದಾಯಿತೇ? ಇಲ್ಲ. ಅದನ್ನು ಬೇರೆಯಾಗಿಯೇ ರದ್ದು ಮಾಡಿಸಬೇಕು.

ಪಾಸ್‌ವರ್ಡ್ ಎಂದರೆ ಬೀಗದ ಕೈ. ಆ್ಯಪ್‌ಗೆ ನೀವು "ಅನುಮತಿಸು" ಎಂದು ಒತ್ತಿದಾಗ ಹುಟ್ಟುವುದು ಜಿಪಿಎ. ತಂತ್ರಜ್ಞಾನದ ಭಾಷೆಯಲ್ಲಿ ಅದಕ್ಕೆ ಟೋಕನ್ ಎನ್ನುತ್ತಾರೆ. ಅಂಕಿ-ಅಕ್ಷರಗಳ ಒಂದು ಉದ್ದ ಸಾಲು, ಅಷ್ಟೇ. ಅದನ್ನು ಕೊಡುವ ಪದ್ಧತಿಯ ಹೆಸರು ಓಆತ್.

ಓಆತ್ ಹುಟ್ಟಿದ್ದು ಒಳ್ಳೆಯ ಕಾರಣಕ್ಕೇ. ಇಪ್ಪತ್ತು ವರ್ಷಗಳ ಹಿಂದೆ ಹೊಸ ಜಾಲತಾಣಕ್ಕೆ ಸೇರಿದರೆ "ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ, ಇಮೇಲ್ ಪಾಸ್‌ವರ್ಡ್ ಕೊಡಿ" ಎಂದು ನೇರವಾಗಿ ಕೇಳುತ್ತಿದ್ದರು. ಜನ ಕೊಡುತ್ತಲೂ ಇದ್ದರು! ಒಂದು ಸಣ್ಣ ಕೆಲಸಕ್ಕೆ ಇಡೀ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ. ಇದನ್ನು ತಪ್ಪಿಸಲು 2007ರಲ್ಲಿ ಓಆತ್‌ನ ಮೊದಲ ರೂಪ ಬಂತು. ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಎರಡನೆಯ ಆವೃತ್ತಿ 2012ರಲ್ಲಿ ಅಧಿಕೃತ ಮಾನದಂಡವಾಯಿತು. ಇದರಲ್ಲಿ ಆ್ಯಪ್‌ಗೆ ನಿಮ್ಮ ಪಾಸ್‌ವರ್ಡ್ ಗೊತ್ತಾಗುವುದೇ ಇಲ್ಲ. ಗೂಗಲ್‌ನದೋ ಮೈಕ್ರೋಸಾಫ್ಟ್‌ನದೋ ಪುಟದಲ್ಲಿ ನೀವು ಲಾಗಿನ್ ಆಗುತ್ತೀರಿ, "ಈ ಆ್ಯಪ್ ನಿಮ್ಮ ಕ್ಯಾಲೆಂಡರ್ ನೋಡಲು ಬಯಸುತ್ತಿದೆ" ಎಂಬ ಒಪ್ಪಿಗೆಯ ಪರದೆ ಬರುತ್ತದೆ, ನೀವು ಒಪ್ಪಿದರೆ ಅಷ್ಟು ಕೆಲಸಕ್ಕೆ ಮಾತ್ರ ಟೋಕನ್ ಸಿಗುತ್ತದೆ.

ತೊಂದರೆ ಇರುವುದು ಎರಡು ಕಡೆ. ಮೊದಲನೆಯದು, ಈ ಟೋಕನ್ ಸಾಮಾನ್ಯವಾಗಿ ಬೇರರ್ ಚೆಕ್ ಇದ್ದಂತೆ. ಯಾರ ಕೈಯಲ್ಲಿದೆಯೋ ಅವರಿಗೆ ಬಾಗಿಲು ತೆರೆಯುತ್ತದೆ. ಓಟಿಪಿಯನ್ನು ಮೊದಲ ಸಲ ಒಪ್ಪಿಗೆ ಕೊಟ್ಟಾಗಲೇ ನೀವು ಹಾಕಿ ಆಗಿದೆ, ಟೋಕನ್ ತಂದವರನ್ನು ಮತ್ತೆ ಓಟಿಪಿ ಕೇಳುವುದಿಲ್ಲ. ಎರಡನೆಯದು, ಅದರ ಆಯಸ್ಸು. ಮಾಹಿತಿ ತೆಗೆಯಲು ಬಳಸುವ ಟೋಕನ್ ಹೆಚ್ಚಾಗಿ ಒಂದೆರಡು ಗಂಟೆಯಲ್ಲಿ ಸಾಯುತ್ತದೆ. ಆದರೆ ಅದರ ಜೊತೆಗೇ ಹೊಸ ಟೋಕನ್ ಪಡೆಯಲು ಇನ್ನೊಂದು ನವೀಕರಣ ಟೋಕನ್ ಕೊಟ್ಟಿರುತ್ತಾರೆ. ಅದು ತಿಂಗಳುಗಟ್ಟಲೆ, ಕೆಲವು ಕಡೆ ಯಾರಾದರೂ ರದ್ದು ಮಾಡುವವರೆಗೂ ಜೀವಂತ. ಪಾಸ್‌ವರ್ಡ್ ಬದಲಿಸಿದಾಗ ಕೆಲವು ಸೇವೆಗಳು ಕೆಲವು ಬಗೆಯ ಟೋಕನ್‌ಗಳನ್ನು ರದ್ದು ಮಾಡುತ್ತವೆ ಎಂಬುದು ನಿಜ. ಉದಾಹರಣೆಗೆ ಗೂಗಲ್, ಜಿಮೇಲ್ ಓದುವ ಅನುಮತಿ ಇರುವ ನವೀಕರಣ ಟೋಕನ್‌ಗಳನ್ನು ಹಾಗೆ ಮಾಡುತ್ತದೆ. ಆದರೆ ಎಲ್ಲ ಸೇವೆಗಳೂ ಎಲ್ಲ ಟೋಕನ್‌ಗಳನ್ನೂ ರದ್ದು ಮಾಡುತ್ತವೆ ಎಂದು ನಂಬಿ ಕೂರುವಂತಿಲ್ಲ.

ಒಪ್ಪಿಗೆಯ ಪರದೆಯೇ ಬಲೆಯಾದಾಗ

2017ರ ಮೇ 3ರಂದು ಲಕ್ಷಾಂತರ ಜನರಿಗೆ ಪರಿಚಿತರಿಂದಲೇ ಒಂದು ಇಮೇಲ್ ಬಂತು: ನಿಮ್ಮೊಂದಿಗೆ ಒಂದು ಗೂಗಲ್ ಡಾಕ್ ಹಂಚಿಕೊಂಡಿದ್ದಾರೆ, ತೆರೆಯಿರಿ. ಒತ್ತಿದರೆ ತೆರೆದುಕೊಂಡದ್ದು ಗೂಗಲ್‌ನ ಅಸಲಿ ಪುಟವೇ. ವಿಳಾಸ ಸರಿ, ಬೀಗದ ಚಿಹ್ನೆ ಸರಿ. "ಲಿಂಕ್‌ನ ಸ್ಪೆಲಿಂಗ್ ನೋಡಿ" ಎಂಬ ಸಾಮಾನ್ಯ ಎಚ್ಚರಿಕೆ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಅಲ್ಲಿ "ಗೂಗಲ್ ಡಾಕ್ಸ್" ಎಂಬ ಹೆಸರಿನ ಆ್ಯಪ್ ಒಂದು ನಿಮ್ಮ ಇಮೇಲ್ ಓದಲು, ಕಳಿಸಲು, ಅಳಿಸಲು ಮತ್ತು ಸಂಪರ್ಕಗಳನ್ನು ನೋಡಲು ಅನುಮತಿ ಕೇಳುತ್ತಿತ್ತು. ಅದು ಗೂಗಲ್‌ನ ಆ್ಯಪ್ ಆಗಿರಲಿಲ್ಲ, ಯಾರೋ ಆ ಹೆಸರು ಇಟ್ಟುಕೊಂಡಿದ್ದರು. ಒಪ್ಪಿದವರ ಸಂಪರ್ಕಗಳಿಗೆಲ್ಲ ಅದೇ ಇಮೇಲ್ ಹೋಯಿತು, ಅಲ್ಲಿಂದ ಮತ್ತೆ ಹಬ್ಬಿತು. ಗೂಗಲ್ ಸುಮಾರು ಒಂದು ಗಂಟೆಯೊಳಗೆ ಅದನ್ನು ನಿಲ್ಲಿಸಿತು. ತೊಂದರೆಗೊಳಗಾದವರು ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ ಎಂದು ಹೇಳಿತು. ಆಗ ಜಿಮೇಲ್ ಬಳಸುವವರು 100 ಕೋಟಿಗೂ ಹೆಚ್ಚಿದ್ದರು, ಶೇಕಡಾ 0.1 ಎಂದರೆ ಎಷ್ಟು ಜನ ಎಂದು ನೀವೇ ಲೆಕ್ಕ ಹಾಕಿ.

ಎಂಟು ವರ್ಷದ ನಂತರ ಇದೇ ತಂತ್ರ ಕಂಪನಿಗಳ ಮೇಲೆ, ಫೋನ್ ಕರೆಯ ರೂಪದಲ್ಲಿ ಬಂತು. ಸೇಲ್ಸ್‌ಫೋರ್ಸ್ ಎಂಬುದು ಜಗತ್ತಿನ ದೊಡ್ಡ ಕಂಪನಿಗಳು ತಮ್ಮ ಗ್ರಾಹಕರ ಪಟ್ಟಿ, ಮಾರಾಟದ ಮಾತುಕತೆ, ದೂರುಗಳನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್. 2025ರ ಜೂನ್‌ನಲ್ಲಿ ಗೂಗಲ್‌ನ ತಂಡ ಬಯಲು ಮಾಡಿದಂತೆ, ವಂಚಕರು ಉದ್ಯೋಗಿಗಳಿಗೆ ಕರೆ ಮಾಡಿ "ನಾವು ನಿಮ್ಮ ಕಂಪನಿಯ ಐಟಿ ವಿಭಾಗದಿಂದ" ಎನ್ನುತ್ತಿದ್ದರು. ಸೇಲ್ಸ್‌ಫೋರ್ಸ್‌ನ ಸಂಪರ್ಕ ಪುಟ ತೆರೆಸಿ, ತಾವು ಹೇಳುವ ಒಂದು ಕೋಡ್ ಹಾಕಿಸುತ್ತಿದ್ದರು. ಗಮನಿಸಿ, ಇಲ್ಲಿ ವಂಚಕ ನಿಮ್ಮಿಂದ ಓಟಿಪಿ ಕೇಳುವುದಿಲ್ಲ, ಅವನೇ ನಿಮಗೆ ಕೋಡ್ ಕೊಡುತ್ತಾನೆ. "ಓಟಿಪಿ ಹೇಳಬೇಡಿ" ಎಂದು ಕಲಿತ ಮನಸ್ಸಿಗೆ ಇದು ಅಪಾಯ ಅನ್ನಿಸುವುದೇ ಇಲ್ಲ. ಕೋಡ್ ಹಾಕಿದೊಡನೆ ಸೇಲ್ಸ್‌ಫೋರ್ಸ್‌ನದೇ ಡೇಟಾ ಲೋಡರ್ ಎಂಬ ಉಪಕರಣದ ತಿದ್ದಿದ ರೂಪವೊಂದು ಕಂಪನಿಯ ಖಾತೆಗೆ ಜೋಡಣೆಯಾಗುತ್ತಿತ್ತು. ಕೆಲವೊಮ್ಮೆ ಅದಕ್ಕೆ "ಮೈ ಟಿಕೆಟ್ ಪೋರ್ಟಲ್" ಎಂಬ ನಿರಪಾಯದ ಹೆಸರು ಇಟ್ಟಿರುತ್ತಿದ್ದರು. ಈ ವರದಿ ಬರೆದ ಗೂಗಲ್‌ನ ಒಂದು ಸೇಲ್ಸ್‌ಫೋರ್ಸ್ ಖಾತೆಗೂ ಅದೇ ಜೂನ್‌ನಲ್ಲಿ ಇಂಥದೇ ಕನ್ನ ಬಿದ್ದಿತ್ತು. ಅದನ್ನು ಗೂಗಲ್ ಆಗಸ್ಟ್‌ನಲ್ಲಿ ತಾನೇ ಹೇಳಿಕೊಂಡಿತು.

ಚಾಟ್ ಪೆಟ್ಟಿಗೆಯಿಂದ ಬಂದ ಕಳ್ಳರು

ಈಗ ಆಗಸ್ಟ್ ಪ್ರಕರಣಕ್ಕೆ ಬರೋಣ. ಇಲ್ಲಿ ಉದ್ಯೋಗಿಗಳು ಏನನ್ನೂ ತಪ್ಪಾಗಿ ಒತ್ತಿರಲಿಲ್ಲ.

ಕಂಪನಿಗಳ ಜಾಲತಾಣ ತೆರೆದರೆ ಬಲಗಡೆಯ ಮೂಲೆಯಲ್ಲಿ "ನಮಸ್ಕಾರ, ಏನು ಸಹಾಯ ಬೇಕು?" ಎಂದು ಕೇಳುವ ಚಾಟ್ ಪೆಟ್ಟಿಗೆ ಕಾಣುತ್ತದಲ್ಲ, ಡ್ರಿಫ್ಟ್ ಅಂಥ ಒಂದು ಉಪಕರಣ. ಅದನ್ನು ಸೇಲ್ಸ್‌ಲಾಫ್ಟ್ ಎಂಬ ಕಂಪನಿ 2024ರಲ್ಲಿ ಕೊಂಡಿತ್ತು. ಚಾಟ್‌ನಲ್ಲಿ ಬಂದವರ ಹೆಸರು, ಇಮೇಲ್, ವಿಚಾರಣೆಗಳು ನೇರವಾಗಿ ಕಂಪನಿಯ ಸೇಲ್ಸ್‌ಫೋರ್ಸ್‌ಗೆ ಹೋಗಿ ಕೂರಬೇಕು. ಅದಕ್ಕಾಗಿ ಕಂಪನಿಗಳು ಡ್ರಿಫ್ಟ್‌ಗೆ ಟೋಕನ್ ಕೊಟ್ಟಿದ್ದವು. ನೂರಾರು ಕಂಪನಿಗಳ ಟೋಕನ್‌ಗಳು ಒಂದೇ ಕಡೆ, ಡ್ರಿಫ್ಟ್‌ನ ಬಳಿ ಶೇಖರವಾಗಿದ್ದವು. ನೂರು ಮನೆಯ ಅಧಿಕಾರ ಪತ್ರಗಳನ್ನು ಇಟ್ಟುಕೊಂಡ ಒಬ್ಬ ಗುಮಾಸ್ತನ ಮೇಜಿನ ಹಾಗೆ.

ಕಳ್ಳರು ಒಡೆದದ್ದು ಆ ಮೇಜನ್ನು. ತನಿಖೆಯಲ್ಲಿ ಗೊತ್ತಾದಂತೆ, 2025ರ ಮಾರ್ಚ್‌ನಿಂದ ಜೂನ್‌ವರೆಗೆ ಅವರು ಸೇಲ್ಸ್‌ಲಾಫ್ಟ್‌ನ ಗಿಟ್‌ಹಬ್ ಖಾತೆಯೊಳಗೆ ಓಡಾಡಿಕೊಂಡಿದ್ದರು. ಅಲ್ಲಿಂದ ಡ್ರಿಫ್ಟ್‌ನ ಕ್ಲೌಡ್ ವ್ಯವಸ್ಥೆಗೆ ಹೋಗಿ ಗ್ರಾಹಕರ ಟೋಕನ್‌ಗಳನ್ನು ಎತ್ತಿಕೊಂಡರು. ಆಗಸ್ಟ್ 8ರಿಂದ 18ರವರೆಗೆ, ಹತ್ತೇ ದಿನಗಳಲ್ಲಿ, ಆ ಟೋಕನ್‌ಗಳಿಂದ ಒಂದಾದ ಮೇಲೊಂದು ಕಂಪನಿಯ ಸೇಲ್ಸ್‌ಫೋರ್ಸ್‌ನಿಂದ ಮಾಹಿತಿ ತೆಗೆದರು. ಸೇಲ್ಸ್‌ಫೋರ್ಸ್‌ನ ದೃಷ್ಟಿಯಲ್ಲಿ ಅದು ಡ್ರಿಫ್ಟ್ ದಿನವೂ ಬಂದು ಹೋಗುವಂತೆಯೇ ಇತ್ತು. ಕೆಲಸ ಮುಗಿದ ಮೇಲೆ ತಾವು ನಡೆಸಿದ ಹುಡುಕಾಟದ ಗುರುತುಗಳನ್ನು ಅಳಿಸಲೂ ನೋಡಿದರು. ಅದೃಷ್ಟಕ್ಕೆ ಮೂಲ ದಾಖಲೆಗಳು ಉಳಿದಿದ್ದವು.

ಅವರು ಹುಡುಕುತ್ತಿದ್ದದ್ದು ಏನು? ಫೋನ್ ನಂಬರ್‌ಗಳಿಗಿಂತ ಬೆಲೆಬಾಳುವ ವಸ್ತು ಗ್ರಾಹಕರ ದೂರುಗಳ ಪಠ್ಯದಲ್ಲಿತ್ತು. "ನಮ್ಮ ಸರ್ವರ್ ಕೆಲಸ ಮಾಡುತ್ತಿಲ್ಲ, ಇದೋ ನೋಡಿ ನಮ್ಮ ಕೀ" ಎಂದು ಗ್ರಾಹಕರು ಪಾಸ್‌ವರ್ಡ್‌ಗಳನ್ನೂ ಅಮೆಜಾನ್ ಕ್ಲೌಡ್‌ನ ಕೀಗಳನ್ನೂ ದೂರಿನ ಜೊತೆ ಅಂಟಿಸಿರುತ್ತಾರೆ. ಕಳ್ಳರು ಅಂಥವನ್ನೇ ಜರಡಿ ಹಿಡಿದರು. ಕ್ಲೌಡ್‌ಫ್ಲೇರ್ ಕಳುವಾದ ಪಠ್ಯವನ್ನು ತಾನೇ ಶೋಧಿಸಿದಾಗ ತನ್ನ 104 ಟೋಕನ್‌ಗಳು ಅದರಲ್ಲಿ ಸಿಕ್ಕವು, ಎಲ್ಲವನ್ನೂ ಬದಲಿಸಿತು. ಒಂದು ಮನೆಯ ಕಳವಿನಲ್ಲಿ ಇನ್ನೊಂದು ಮನೆಯ ಬೀಗದ ಕೈ ಸಿಗುವುದು ಹೀಗೆ.

ಆಗಸ್ಟ್ 20ರಂದು ಸೇಲ್ಸ್‌ಲಾಫ್ಟ್ ಮತ್ತು ಸೇಲ್ಸ್‌ಫೋರ್ಸ್ ಸೇರಿ ಡ್ರಿಫ್ಟ್‌ನ ಎಲ್ಲ ಟೋಕನ್‌ಗಳನ್ನು ಒಟ್ಟಿಗೆ ರದ್ದು ಮಾಡಿದವು. ಸೇಲ್ಸ್‌ಫೋರ್ಸ್ ತನ್ನ ಮೂಲ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ ಎಂದಿತು. ಅದು ನಿಜವೂ ಹೌದು, ಮಾಹಿತಿ ಕಳೆದುಕೊಂಡವರಿಗೆ ಅದರಿಂದ ಆಗುವ ಉಪಯೋಗ ಏನೂ ಇಲ್ಲ ಎಂಬುದೂ ಹೌದು. ಅದೇ ನವೆಂಬರ್‌ನಲ್ಲಿ ಗೇನ್‌ಸೈಟ್ ಎಂಬ ಇನ್ನೊಂದು ಉಪಕರಣದ ಟೋಕನ್‌ಗಳನ್ನೂ ಸೇಲ್ಸ್‌ಫೋರ್ಸ್ ಇಂಥದೇ ಕಾರಣಕ್ಕೆ ರದ್ದು ಮಾಡಬೇಕಾಯಿತು.

ಈ ಇಡೀ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಕಳೆದುಕೊಂಡವರಿಗಿಂತ ಉಳಿದುಕೊಂಡ ಒಂದು ಕಂಪನಿ. ಓಕ್ಟಾ ಕೂಡ ಡ್ರಿಫ್ಟ್ ಬಳಸುತ್ತಿತ್ತು, ಅದರ ಟೋಕನ್ನೂ ಕಳ್ಳರ ಕೈಗೆ ಸಿಕ್ಕಿತ್ತು, ಅವರು ಪ್ರಯತ್ನವನ್ನೂ ಮಾಡಿದರು. ಆದರೆ ಓಕ್ಟಾ ತನ್ನ ಸೇಲ್ಸ್‌ಫೋರ್ಸ್‌ಗೆ ಗೊತ್ತುಪಡಿಸಿದ ಐಪಿ ವಿಳಾಸಗಳಿಂದ ಮಾತ್ರ ಸಂಪರ್ಕ ಬರಬೇಕು ಎಂದು ಕಟ್ಟುಪಾಡು ಹಾಕಿತ್ತು. ಟೋಕನ್ ಅಸಲಿ, ತಂದವನು ಬಂದ ದಾರಿ ಬೇರೆ, ಬಾಗಿಲು ತೆರೆಯಲಿಲ್ಲ. ಬೇರರ್ ಚೆಕ್ಕನ್ನು ಅಡ್ಡಗೆರೆ ಎಳೆದ ಚೆಕ್ ಮಾಡಿದಂತೆ. ದುಬಾರಿ ತಂತ್ರಜ್ಞಾನವಲ್ಲ, ಒಂದು ಸೆಟ್ಟಿಂಗ್.

ಹಾಗಾದರೆ ಕಂಪನಿ ಏನು ಮಾಡಬೇಕು?

ಬಹಳ ಕಡೆ ಮೊದಲ ತೊಡಕು ಇದು: ನಮ್ಮ ಸಾಫ್ಟ್‌ವೇರ್‌ಗೆ ಯಾವ ಯಾವ ಆ್ಯಪ್ ಜೋಡಣೆಯಾಗಿದೆ ಎಂದು ಕೇಳಿದರೆ ಪಟ್ಟಿ ಯಾರ ಬಳಿಯೂ ಇರುವುದಿಲ್ಲ. ಮಾರಾಟ ವಿಭಾಗದವರು ಎರಡು ವರ್ಷದ ಹಿಂದೆ ಉಚಿತ ಪ್ರಯೋಗಕ್ಕೆಂದು ಜೋಡಿಸಿದ್ದು, ಎಚ್‌ಆರ್‌ನವರು ಒಂದು ಸಮೀಕ್ಷೆಗೆ ಬಳಸಿ ಬಿಟ್ಟದ್ದು, ಇತ್ತೀಚೆಗೆ ಮೀಟಿಂಗ್‌ಗಳಲ್ಲಿ ಟಿಪ್ಪಣಿ ಬರೆದುಕೊಡುವ ಎಐ ಸಹಾಯಕರು. ಈ ಕೊನೆಯವು ಕ್ಯಾಲೆಂಡರ್‌ನಿಂದ ಶುರುವಾಗಿ ಇಮೇಲ್, ಡ್ರೈವ್‌ವರೆಗೂ ಕೈ ಚಾಚುವುದುಂಟು, ಒಬ್ಬ ಉದ್ಯೋಗಿ ಒಪ್ಪಿದರೆ ಮೀಟಿಂಗ್‌ನಲ್ಲಿದ್ದ ಎಲ್ಲರ ಮಾತೂ ಹೊರಗೆ ಹೋಗುತ್ತದೆ. ಬಳಸುವುದನ್ನು ನಿಲ್ಲಿಸಿದರೆ ಟೋಕನ್ ತಾನಾಗಿ ಸಾಯುತ್ತದೆ, ಆ್ಯಪ್ಪನ್ನು ಫೋನಿನಿಂದ ಅಳಿಸಿದರೆ ಸಂಪರ್ಕ ಕಡಿಯುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅಳಿಸಿದ್ದು ನಿಮ್ಮ ಕೈಲಿದ್ದ ಪ್ರತಿಯನ್ನು. ಅಧಿಕಾರ ಪತ್ರ ಅವರ ಸರ್ವರ್‌ನಲ್ಲಿ ಹಾಗೇ ಇರುತ್ತದೆ.

ಮೈಕ್ರೋಸಾಫ್ಟ್‌ನಂಥ ಕಂಪನಿಯೂ ಮರೆತ ಜೋಡಣೆಯಿಂದ ಪೆಟ್ಟು ತಿಂದಿದೆ. 2024ರ ಜನವರಿಯಲ್ಲಿ ಪತ್ತೆಯಾದ ದಾಳಿಯಲ್ಲಿ, ಪರೀಕ್ಷೆಗೆಂದು ಮಾಡಿಟ್ಟಿದ್ದ ಹಳೆಯ ಖಾತೆಯೊಂದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಅದರ ಪಾಸ್‌ವರ್ಡ್ ಊಹಿಸಿ ಒಳಬಂದ ಗೂಢಚಾರರಿಗೆ ಅಲ್ಲೊಂದು ಹಳೆಯ ಪರೀಕ್ಷಾ ಆ್ಯಪ್ ಸಿಕ್ಕಿತು. ಅದಕ್ಕೆ ಕಂಪನಿಯ ಮುಖ್ಯ ವ್ಯವಸ್ಥೆಯಲ್ಲೂ ಅಧಿಕಾರವಿತ್ತು. ಅದರ ಮೂಲಕ ಅವರು ಹಿರಿಯ ಅಧಿಕಾರಿಗಳ ಇಮೇಲ್‌ವರೆಗೂ ಹೋದರು.

ಆದ್ದರಿಂದ ಹುಡುಕಬೇಕಾದ್ದು ಪ್ರತಿ ಸಾಫ್ಟ್‌ವೇರ್‌ನ ಆಡಳಿತ ಪುಟದಲ್ಲಿ. ಸೇಲ್ಸ್‌ಫೋರ್ಸ್‌ನಲ್ಲಿ ಜೋಡಣೆಯಾದ ಆ್ಯಪ್‌ಗಳ ಬಳಕೆಯ ಪುಟವಿದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಸುರಕ್ಷತೆಯ ವಿಭಾಗದಡಿ ಎಪಿಐ ನಿಯಂತ್ರಣವಿದೆ, ಅಲ್ಲಿ ಒಂದೊಂದು ಆ್ಯಪ್ಪನ್ನೂ ನಂಬಿಕಸ್ಥ, ಸೀಮಿತ ಅಥವಾ ನಿರ್ಬಂಧಿತ ಎಂದು ಗುರುತಿಸಬಹುದು. ಮೈಕ್ರೋಸಾಫ್ಟ್ 365ರಲ್ಲೂ ಉದ್ಯೋಗಿಗಳು ತಾವೇ ಒಪ್ಪಿಗೆ ಕೊಡದಂತೆ, ಆಡಳಿತಗಾರರನ್ನು ಕೇಳುವಂತೆ ಮಾಡಬಹುದು. ತತ್ತ್ವ ಒಂದೇ: "ಕೆಟ್ಟದ್ದನ್ನು ತಡೆ" ಎನ್ನುವುದರ ಬದಲು "ಒಪ್ಪಿದ್ದನ್ನು ಮಾತ್ರ ಬಿಡು". ಸೇಲ್ಸ್‌ಫೋರ್ಸ್ 2025ರ ಸೆಪ್ಟೆಂಬರ್‌ನಿಂದ ಇದನ್ನು ತಾನೇ ಭಾಗಶಃ ಜಾರಿಗೆ ತಂದಿತು. ಆಡಳಿತಗಾರರು ಅಳವಡಿಸದ ಆ್ಯಪ್ಪನ್ನು ಸಾಮಾನ್ಯ ಉದ್ಯೋಗಿ ಹೊಸದಾಗಿ ಜೋಡಿಸಲಾಗದು, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಜೂನ್‌ನ ಫೋನ್ ಕರೆಯ ವಂಚನೆಗೆ ಇದು ನೇರ ಅಡ್ಡಿ.

ಎಲ್ಲವನ್ನೂ ಒಂದೇ ದಿನ ಮುಚ್ಚಿಬಿಡುವುದೂ ಜಾಣತನವಲ್ಲ. ಬಿಲ್ ಕಳಿಸುವ, ಜಿಎಸ್‌ಟಿ ಲೆಕ್ಕಕ್ಕೆ ಮಾಹಿತಿ ಒಯ್ಯುವ, ಕೊರಿಯರ್ ಬುಕ್ ಮಾಡುವ ಜೋಡಣೆಗಳು ಇವೇ ಬಾಗಿಲುಗಳಿಂದ ಓಡಾಡುತ್ತಿರುತ್ತವೆ. ಕೇಳದೆ ಮುಚ್ಚಿದರೆ ಮರುದಿನ ವ್ಯಾಪಾರವೇ ನಿಲ್ಲುತ್ತದೆ. ಆಮೇಲೆ ಗಾಬರಿಯಲ್ಲಿ ಯಾರೋ ಎಲ್ಲವನ್ನೂ ಮತ್ತೆ ತೆರೆದುಬಿಡುತ್ತಾರೆ. ಅನುಮತಿ ಕೇಳಿದ ಉದ್ಯೋಗಿಗೆ ಮೂರು ವಾರ ಉತ್ತರ ಕೊಡದಿದ್ದರೆ ಅವರು ಸ್ವಂತ ಜಿಮೇಲ್‌ಗೆ ಕಡತ ಕಳಿಸಿಕೊಂಡು ಕೆಲಸ ಮುಗಿಸುತ್ತಾರೆ, ಆಗ ಅಪಾಯ ಇನ್ನೂ ಕಣ್ಣಿಗೆ ಬೀಳದ ಕಡೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಗ ಉತ್ತರ ಕೊಡುವ ಒಬ್ಬ ಹೊಣೆಗಾರರು ಇರುವುದು ಹತ್ತು ಪುಟದ ನೀತಿ ಪತ್ರಕ್ಕಿಂತ ಹೆಚ್ಚು ಉಪಯೋಗ.

ಇನ್ನೊಂದು ಸೂಕ್ಷ್ಮ, ಕೆಲಸ ಬಿಟ್ಟು ಹೋದವರದು. ಜೋಡಣೆಗಳು ಹಲವು ಸಲ ಒಬ್ಬ ವ್ಯಕ್ತಿಯ ಖಾತೆಯ ಹೆಸರಲ್ಲಿರುತ್ತವೆ. ಅವರ ಖಾತೆ ಮುಚ್ಚಿದರೆ ಬಿಲ್ಲಿಂಗ್ ನಿಲ್ಲುತ್ತದೆ ಎಂದು ಹೆದರಿ ಖಾತೆಯನ್ನೇ ಹಾಗೆ ಬಿಟ್ಟಿರುತ್ತಾರೆ. ಆ ವ್ಯಕ್ತಿ ಮ್ಯಾನೇಜರ್ ಆಗಿದ್ದರೆ ಟೋಕನ್‌ಗೂ ಮ್ಯಾನೇಜರ್‌ನ ಅಧಿಕಾರ. ಪ್ರತಿ ಜೋಡಣೆಗೂ ಬೇರೆ ಖಾತೆ, ಅದಕ್ಕೆ ಬೇಕಾದಷ್ಟೇ ಅನುಮತಿ ಕೊಟ್ಟರೆ ಈ ಗಂಟು ಬಿಚ್ಚುತ್ತದೆ.

"ದೊಡ್ಡ ಕಂಪನಿಗಳ ತಲೆನೋವು, ನಮಗೇನು?"

ಬೆಂಗಳೂರಿನ ಸ್ಟಾರ್ಟಪ್ ಇರಲಿ, ದಾವಣಗೆರೆಯ ಬಟ್ಟೆ ಅಂಗಡಿ ಇರಲಿ, ಗ್ರಾಹಕರ ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿಟ್ಟು ಅದಕ್ಕೆ ಒಂದು ಉಚಿತ ಆಡ್-ಆನ್ ಹಾಕಿದ್ದರೆ ನೀವೂ ಇದೇ ಆಟದಲ್ಲಿದ್ದೀರಿ. ಆ ಪಟ್ಟಿಯಲ್ಲಿರುವುದು ನಮ್ಮಂಥವರ ಹೆಸರು, ನಂಬರ್. ಒಬ್ಬರ ಒಪ್ಪಿಗೆ ಇನ್ನೊಬ್ಬರ ಮಾಹಿತಿಯನ್ನು ಹೇಗೆ ಹೊರಗೆ ಹಾಕುತ್ತದೆ ಎಂಬುದಕ್ಕೆ ಫೇಸ್‌ಬುಕ್‌ನ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಭಾರತದಲ್ಲಿ ಆ ರಸಪ್ರಶ್ನೆ ಆ್ಯಪ್ ಹಾಕಿಕೊಂಡವರು 335 ಜನ. ಅವರ ಗೆಳೆಯರ ಪಟ್ಟಿಯೂ ಸೇರಿ ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455 ಎಂದು 2018ರಲ್ಲಿ ಫೇಸ್‌ಬುಕ್ ಹೇಳಿತು.

"ಕಳುವಾದದ್ದು ಆ ಆ್ಯಪ್ ಕಂಪನಿಯಿಂದ, ನಮ್ಮ ತಪ್ಪಲ್ಲ" ಎಂದು ಕೈತೊಳೆದುಕೊಳ್ಳಲು ಕಾನೂನೂ ಬಿಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿಯ ಪರವಾಗಿ ಬೇರೆಯವರು ಮಾಹಿತಿ ನಿಭಾಯಿಸಿದರೂ ಹೊಣೆ ಮೂಲ ಕಂಪನಿಯದೇ. ತಕ್ಕ ಸುರಕ್ಷತಾ ಕ್ರಮ ಇಟ್ಟುಕೊಳ್ಳದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂಬ ಸರ್ಟ್-ಇನ್ ನಿರ್ದೇಶನ 2022ರಿಂದಲೇ ಇದೆ.

ನಿಮ್ಮ ಸ್ವಂತ ಖಾತೆಯನ್ನು ನೋಡಲು ಎರಡು ನಿಮಿಷ ಸಾಕು. ಫೋನಿನಲ್ಲಿ ಗೂಗಲ್ ಖಾತೆಯ ಸುರಕ್ಷತೆ ವಿಭಾಗಕ್ಕೆ ಹೋದರೆ ಹೊರಗಿನ ಆ್ಯಪ್ ಮತ್ತು ಸೇವೆಗಳ ಜೋಡಣೆಗಳ ಪಟ್ಟಿ ಸಿಗುತ್ತದೆ. ಒಂದೊಂದನ್ನು ಒತ್ತಿದರೆ ಏನೇನು ನೋಡಲು ಬಿಟ್ಟಿದ್ದೀರಿ ಎಂದು ತೋರಿಸುತ್ತದೆ. ಗುರುತು ಸಿಗದ್ದನ್ನೂ, ಜಿಮೇಲ್ ಅಥವಾ ಡ್ರೈವ್ ಪೂರ್ತಿ ಓದಬಲ್ಲ ಬೇಡದ ಆ್ಯಪ್‌ಗಳನ್ನೂ ಅಲ್ಲೇ ತೆಗೆಯಬಹುದು. ಕೇವಲ ಲಾಗಿನ್‌ಗೆ ಗೂಗಲ್ ಬಳಸಿದವು ಅಷ್ಟು ಅಪಾಯದವಲ್ಲ, ಅವಕ್ಕೆ ಸಾಮಾನ್ಯವಾಗಿ ಹೆಸರು, ಇಮೇಲ್ ವಿಳಾಸ, ಫೋಟೋ ಮಾತ್ರ ಸಿಕ್ಕಿರುತ್ತದೆ. ವಾಟ್ಸ್‌ಆ್ಯಪ್‌ನ ಲಿಂಕ್ ಮಾಡಿದ ಸಾಧನಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಅದು ಓಆತ್ ಅಲ್ಲ, ಆದರೆ ಒಮ್ಮೆ ಒಪ್ಪಿ ಮರೆತ ಬಾಗಿಲೇ.

ಟೋಕನ್ ರದ್ದು ಮಾಡಿದರೆ ಮುಂದಿನ ಓಡಾಟ ನಿಲ್ಲುತ್ತದೆ, ಈಗಾಗಲೇ ನಕಲಾಗಿ ಹೋದದ್ದು ವಾಪಸ್ ಬರುವುದಿಲ್ಲ. ಕ್ಲೌಡ್‌ಫ್ಲೇರ್ ತನ್ನ ಗ್ರಾಹಕರಿಗೆ ಹೇಳಿದ್ದೂ ಅದನ್ನೇ: ದೂರಿನ ಜೊತೆ ನೀವು ಕಳಿಸಿದ ಪಾಸ್‌ವರ್ಡ್, ಕೀ, ಟೋಕನ್ ಏನಿದ್ದರೂ ಕಳುವಾಗಿದೆ ಎಂದೇ ತಿಳಿದು ಬದಲಿಸಿ. ಯಾವುದೋ ಕಂಪನಿಯ ಸಹಾಯವಾಣಿಗೆ ಆಧಾರ್ ಪ್ರತಿಯನ್ನೋ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋವನ್ನೋ ಚಾಟ್‌ನಲ್ಲಿ ಕಳಿಸಿದ್ದರೆ, ಅದು ಈಗ ಎಷ್ಟು ಜೋಡಣೆಗಳ ಕಣ್ಣಳತೆಯಲ್ಲಿದೆ ಎಂಬುದು ನಿಮಗೆ ಕಾಣುವ ಯಾವ ಪಟ್ಟಿಯಲ್ಲೂ ಇಲ್ಲ.